ಸಮವಸ್ತ್ರ ಹಾಕಿ, ಸಾಲಿ ಬಾಗಿಲು ಮುಚ್ಚಗೊಡಬೇಡಿ

ಸೊನ್ನದ ಹುಡುಗ ಹುಡುಗಿಯರೇ, ನಿಮ್ಮೂರು ರಾಜ್ಯಕ್ಕೆ ಗೊತ್ತಿದ್ದದ್ದು ಭೀಮಾ ಬ್ಯಾರೇಜಿನಿಂದ. ಮೇಲೆ ಮಹಾರಾಷ್ಟ್ರದಲ್ಲಿ ನೀರು ಬಿಟ್ಟರೆ ಇಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರದವರ ಎದೆ ಹೊಡೆದುಕೊಳ್ಳುತ್ತಿತ್ತು, ಅಷ್ಟೇ. 2022ರಿಂದೀಚೆಗೆ ಊರಿನ ಹೆಸರು ಬೇರೆ ಕಾರಣಕ್ಕೂ ಪತ್ರಿಕೆ ಹತ್ತಿತು. 545 ಪಿಎಸ್‌ಐ ಹುದ್ದೆಗಳ ಪರೀಕ್ಷಾ ಅಕ್ರಮ, ಅದರ ಬೆನ್ನಿಗೆ 2023ರ ಅಕ್ಟೋಬರ್ 28ರಂದು ಕಲಬುರಗಿ, ಯಾದಗಿರಿಗಳಲ್ಲಿ ಬಯಲಾದ ಬ್ಲೂಟೂತ್ ನಕಲು. ಎರಡರಲ್ಲೂ ಪ್ರಮುಖ ಆರೋಪಿ ಎಂದು ತನಿಖೆಯವರು ಹೆಸರಿಸಿದ್ದು ಈ ಊರಿನವರನ್ನೇ. ಆರೋಪದ ಸತ್ಯಾಸತ್ಯ ಕೋರ್ಟು ನೋಡಿಕೊಳ್ಳಲಿ. ಅದರಿಂದ ನಿಮ್ಮ ಮೈಮೇಲೆ ಬಂದದ್ದೇನು ಎಂಬುದು ನನ್ನ ಮಾತು.

ಆ ವರ್ಷದ ನವೆಂಬರ್‌ನಲ್ಲಿ ಪರೀಕ್ಷಾ ಪ್ರಾಧಿಕಾರ ನೇಮಕಾತಿ ಪರೀಕ್ಷೆ ಬರೆಯುವವರಿಗೆ ವಸ್ತ್ರಸಂಹಿತೆ ಹೊರಡಿಸಿತು. ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ, ತಲೆ ಕಿವಿ ಮುಚ್ಚುವ ಬಟ್ಟೆ ಬೇಡ. ತಾಳಿ, ಕಾಲುಂಗುರ ಬಿಟ್ಟು ಬೇರೆ ಒಡವೆ ಬೇಡ. ಯಾರೋ ಕಿವಿಗೆ ಯಂತ್ರ ಸಿಕ್ಕಿಸಿಕೊಂಡರು. ಹಗಲೆಲ್ಲ ತೊಗರಿ ರಾಶಿ ಮಾಡಿ ರಾತ್ರಿ ಓದಿದವರು ಗೇಟಿನಲ್ಲಿ ತೋಳು ತೋರಿಸಿ ನಿಲ್ಲಬೇಕಾಯಿತು. ಸಿಟ್ಟು ಬರುತ್ತದೆ, ಬರಬೇಕು. ಆದರೂ ಈ ನಿಯಮಕ್ಕೆ ನಾನು ತಲೆಬಾಗುತ್ತೇನೆ. ಯಾಕೆ ಬಂತು ಎಂದು ಎಲ್ಲರಿಗೂ ಗೊತ್ತು, ಮೊದಲೇ ಬರೆದು ತಿಳಿಸಿದ್ದಾರೆ, ಪರೀಕ್ಷೆ ಮುಗಿದರೆ ಅದೂ ಮುಗಿಯಿತು.

ಬರೆಯದ ನಿಯಮದ ಕಥೆಯೇ ಬೇರೆ. 2025ರ ಏಪ್ರಿಲ್‌ನಲ್ಲಿ ಬೀದರಿನ ಸಿಇಟಿ ಕೇಂದ್ರವೊಂದರಲ್ಲಿ ಒಬ್ಬ ಹುಡುಗನಿಗೆ ಜನಿವಾರ ತೆಗೆ ಎಂದರು. ಹುಡುಗ ತೆಗೆಯಲಿಲ್ಲ, ಗಣಿತ ಪರೀಕ್ಷೆ ಬರೆಯದೆ ಮನೆಗೆ ಹೋದ. ಜನಿವಾರ ತೆಗೆಸಿ ಎಂದು ಮೇಲಿನಿಂದ ಯಾರೂ ಹೇಳಿರಲೇ ಇಲ್ಲವಂತೆ! ಬಾಗಿಲಲ್ಲಿ ನಿಂತವರ ಬಾಯಲ್ಲಿ ಹುಟ್ಟಿದ ಕಾನೂನು ಅದು.

ಇನ್ನು ಸಾಲಿಯ ಅರಿವಿ. ಸಮವಸ್ತ್ರ ಬೇಕೇ ಎಂದು ಕೇಳಿದರೆ ಬೇಕು ಎನ್ನುತ್ತೇನೆ. ಕಬ್ಬು ಕಡಿಯುವವರ ಮಗಳೂ ಸಾವುಕಾರರ ಮಗಳೂ ಒಂದೇ ಬಣ್ಣದಲ್ಲಿ ಒಂದೇ ಬೆಂಚಿಗೆ ಕೂತರೆ ಅದರಲ್ಲೊಂದು ಚೆಂದವಿದೆ. ಆದರೆ ಹತ್ತಿರ ಹೋಗಿ ನೋಡಿ. ಒಬ್ಬಳ ಲಂಗದ ಅಂಚು ಬಿಚ್ಚಿ ಇಳಿಸಿದ್ದಾರೆ, ಕೆಳಗೆ ಬೆರಳಗಲ ಗಾಢ ನೀಲಿ ಪಟ್ಟಿ, ಮೇಲೆಲ್ಲ ಒಗೆದು ಒಗೆದು ಮಾಸಿದ ಬಣ್ಣ. ಇನ್ನೊಬ್ಬನ ಅಂಗಿಗೆ ಅಣ್ಣನ ಅಳತೆ. ಬುಧವಾರ ಒಗೆದದ್ದು ಗುರುವಾರಕ್ಕೆ ಒಣಗಲಿಲ್ಲ ಎಂದು ಸಾಲಿ ಬಿಟ್ಟವರನ್ನು ನೀವೇ ಬಲ್ಲಿರಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡು ಜೊತೆ ಬಟ್ಟೆ ಸಿಗಬೇಕು. ಸಿಗಲಿಲ್ಲ ಎಂದು ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲೇ ಹೈಕೋರ್ಟಿಗೆ ಅರ್ಜಿ ಹೋಯಿತು. 2019ರಲ್ಲಿ ಕೊಡಿ ಎಂದು ಆದೇಶವಾಯಿತು. ಪಾಲಿಸಲಿಲ್ಲವೆಂದು 2023ರಲ್ಲಿ ಅದೇ ಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಕೊಡದ ಅಂಗಿಯನ್ನು ಹಾಕಿಲ್ಲವೇಕೆ ಎಂದು ಮಗುವನ್ನು ಗದರುವ ಬಾಯಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಆ ಉತ್ತರ ಕೊಡಿಸಿದ್ದು ನಿಮ್ಮಂಥ ಒಬ್ಬ ವಿದ್ಯಾರ್ಥಿಯ ಹೆಸರು.

ಉಡುಪಿಯಲ್ಲಿ ಶುರುವಾದ ಹಿಜಾಬ್ ಗಲಾಟೆ ನಡೆದಾಗ ನೀವು ಚಿಕ್ಕವರು. 2022ರ ಫೆಬ್ರುವರಿ 5ಕ್ಕೆ ನಿಗದಿತ ಸಮವಸ್ತ್ರವೇ ಕಡ್ಡಾಯವೆಂದು ಸರ್ಕಾರದ ಆದೇಶ, ಕಾಲೇಜು ಕಾಲೇಜಿನಲ್ಲಿ ಕೇಸರಿ ಶಾಲು, ಕೊನೆಗೆ ಪ್ರೌಢಶಾಲೆ ಕಾಲೇಜುಗಳಿಗೆಲ್ಲ ರಜೆ. ಮಾರ್ಚ್ 15ಕ್ಕೆ ಹೈಕೋರ್ಟು ಆದೇಶ ಸರಿ ಎಂದಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕು ಹಿಡಿದರು. ಹೇಮಂತ್ ಗುಪ್ತಾ ಅವರು ತರಗತಿಯ ಏಕರೂಪ ದೊಡ್ಡದೆಂದರು. ಸುಧಾಂಶು ಧುಲಿಯಾ ಅವರು ಹೆಣ್ಣುಮಗಳ ಓದು ದೊಡ್ಡದೆಂದರು. ನಾನು ಧುಲಿಯಾ ಅವರ ಕಡೆ. ಬಂದೇನವಾಜರ ದರ್ಗಾಕ್ಕೂ ಶರಣಬಸವೇಶ್ವರರ ಜಾತ್ರೆಗೂ ಒಂದೇ ಟಂಟಂ ಹತ್ತಿ ಹೋಗುವ ಜಿಲ್ಲೆ ನಮ್ಮದು. ಗೆಳತಿಯ ತಲೆಯ ಮೇಲಿನ ಒಂದು ಮೊಳ ಬಟ್ಟೆಗೆ ನಮ್ಮ ಗಣಿತ ತಪ್ಪುತ್ತದೆಯೇ?

ಹಾಗಾಗಿ ಏಳಿ. ಸಮವಸ್ತ್ರ ಶುಭ್ರವಾಗಿ ಹಾಕಿ, ಅದನ್ನು ಹರಿದು ಎಸೆಯುವ ಪೌರುಷ ಬೇಡ. ಆದರೆ ಬಟ್ಟೆಯ ನೆಪದಲ್ಲಿ ನಿಮ್ಮವರೊಬ್ಬರು ಬಾಗಿಲ ಹೊರಗೆ ಕಲಬುರಗಿಯ ಬಿಸಿಲಲ್ಲಿ ನಿಂತಿದ್ದರೆ ಒಳಗೆ ಹೋಗಿ ಹಾಜರಿ ಹೇಳಬೇಡಿ. ಮುಖ್ಯ ಗುರುಗಳ ಹತ್ತಿರ ನಾಲ್ಕು ಜನ ಸೇರಿ ಹೋಗಿ ಮಾತಾಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಖಾಸಗಿ ಶಾಲೆಯವರು ವರ್ಷಕ್ಕೊಂದು ಬಣ್ಣ ಬದಲಿಸಿ ಅಂಗಡಿಯ ಚೀಟಿ ಕೈಗಿಟ್ಟರೆ, 1995ರ ರಾಜ್ಯ ನಿಯಮ ತೋರಿಸಿ: ಒಮ್ಮೆ ಗೊತ್ತು ಮಾಡಿದ ಸಮವಸ್ತ್ರ ಐದು ವರ್ಷ ಬದಲಾಗಬಾರದು, ಬದಲಿಸುವುದಾದರೆ ಪಾಲಕರಿಗೆ ಒಂದು ವರ್ಷ ಮೊದಲೇ ನೋಟಿಸು ಕೊಡಬೇಕು. ಇದನ್ನು ಅಪ್ಪ ಅವ್ವನಿಗೆ ಓದಿ ಹೇಳುವ ಕೆಲಸ ನಿಮ್ಮದು, ಅಕ್ಷರ ಕಲಿತವರು ನೀವು. ಪರೀಕ್ಷೆ ಹಾಲ್‌ಗೆ ಹೋಗುವ ಅಣ್ಣಂದಿರಿಗೂ ಒಂದು ಮಾತು: ಲಕ್ಷಗಟ್ಟಲೆ ಕೊಟ್ಟರೆ ಹುದ್ದೆ ಎಂದು ಯಾರಾದರೂ ಮನೆಗೆ ಬಂದರೆ ಚಹಾ ಕೂಡ ಕೊಡದೆ ಕಳಿಸಿ. ಸೊನ್ನದವನೆಂದರೆ ಕಿವಿ ತಪಾಸಣೆ ಮಾಡುವ ದಿನ ಹೋಗಬೇಕಾದರೆ ಅದು ನಿಮ್ಮಿಂದಲೇ ಹೋಗಬೇಕು.

ವರ್ಷಕ್ಕೊಮ್ಮೆ ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ನಡೆಸಿರೆಂದು ಹಟ ಹಿಡಿಯಿರಿ. ಮೈಕು ಕೈಗೆ ಬಂದಾಗ ಹಾಡು ಹೇಳಿ ಕೂರಬೇಡಿ. ಎರಡನೇ ಜೊತೆ ಅರಿವಿ ಯಾವ ತಿಂಗಳು ಬರುತ್ತದೆ, ಹೊಲಿಗೆ ದುಡ್ಡು ಯಾರು ಕೊಡುತ್ತಾರೆ, ಬಟ್ಟೆ ಇಲ್ಲದ ದಿನ ಮಗುವನ್ನು ಒಳಗೆ ಕೂರಿಸುತ್ತೀರೋ ಇಲ್ಲವೋ ಎಂದು ಕೇಳಿ. ಪಿಡಿಒ ಸಾಹೇಬರು ಹೇಳಿದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಸಹಿ ಹಾಕಿಸಿ.