ಬಾಡಿಗೆಗೆ ಕೊಡುವ ಮನೆ

ನಮ್ಮ ದಕ್ಷಿಣ ಕನ್ನಡದಲ್ಲಿ ‘ಗೇಣಿ’ ಎಂಬ ಮಾತು ಬಹಳ ಹಳೆಯದು. ಅದರ ಮುಂದೆ ‘ಬಾಡಿಗೆ’ ನಿನ್ನೆ ಮೊನ್ನೆಯದು. ಗೇಣಿ ಎಂದರೆ ಭೂಮಿಯ ವ್ಯವಹಾರ. ಒಕ್ಕಲಿನವನು ಕಟ್ಟಿಕೊಂಡ ಮುಳಿಹುಲ್ಲಿನ ಮನೆ ಗದ್ದೆಯ ಬೆನ್ನಿಗೇ ಅಂಟಿಕೊಂಡಿರುತ್ತಿತ್ತು. ಗದ್ದೆ ತಪ್ಪಿದರೆ ಮನೆಯೂ ತಪ್ಪುತ್ತಿತ್ತು. ಬರಿಯ ಮನೆಯೊಂದನ್ನು ಕೊಂಡು, ಗುರುತಿಲ್ಲದವರಿಗೆ ತಿಂಗಳ ಲೆಕ್ಕದಲ್ಲಿ ಕೊಡುವ ಪದ್ಧತಿ ಸುಳ್ಯದಂಥ ಊರಿಗೆ ಬಂದುದು ಪೇಟೆ ಬೆಳೆದ ಮೇಲೆ. ಪುತ್ತೂರಿನಿಂದ ಬೇರೆಯಾಗಿ ಸುಳ್ಯ ತಾಲೂಕಾಯಿತು, ಕಚೇರಿಗಳು ಬಂದವು. 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು, 1986ರಲ್ಲಿ ಕುರುಂಜಿ ವೆಂಕಟರಮಣ ಗೌಡರ ಹೆಸರಿನ ಇಂಜಿನಿಯರಿಂಗ್ ಕಾಲೇಜು, ಆಮೇಲೆ ವೈದ್ಯಕೀಯ ಕಾಲೇಜು. ಪಯಸ್ವಿನಿಯ ದಡದ ಈ ಸಣ್ಣ ಊರಿಗೆ ಬಂದ ಉಪಾಧ್ಯಾಯರು, ದಾದಿಯರು, ವಿದ್ಯಾರ್ಥಿಗಳು ಇರಬೇಕಾದುದಾದರೂ ಎಲ್ಲಿ?

ಇತ್ತ ಹಳದಿ ಎಲೆ ರೋಗ ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳನ್ನು ಸೊರಗಿಸಿತು. ಕೈಯಲ್ಲಿ ಅಷ್ಟಿಷ್ಟು ಉಳಿತಾಯವಿದ್ದ ಕೃಷಿಕರು ಪೇಟೆಯ ಮನೆಗಳತ್ತ ಕಣ್ಣು ಹಾಯಿಸತೊಡಗಿದರು. ನಾನೂ ಅವರಲ್ಲೊಬ್ಬ. ಆರು ವರ್ಷಗಳ ಹಿಂದೆ ಹಂಚಿನ ಮಾಡಿನ ಹಳೆಯ ಮನೆಯೊಂದನ್ನು ಕೊಂಡು, ದುರಸ್ತಿ ಮಾಡಿಸಿ, ಬಾಡಿಗೆಗೆ ಕೊಟ್ಟೆ. ಅಂದಿನಿಂದ ‘ನಾವೂ ಒಂದು ಮನೆ ಹಿಡಿಯೋಣವೆಂದಿದ್ದೇವೆ, ಎಲ್ಲಿಂದ ಶುರು ಮಾಡಬೇಕು?’ ಎಂದು ಕೇಳುವವರು ಹೆಚ್ಚಿದ್ದಾರೆ. ಅವರಿಗೆ ಹೇಳಿದುದನ್ನೇ ಇಲ್ಲಿ ಹೇಳುತ್ತೇನೆ.

ಗೋಡೆ ನೋಡುವ ಮೊದಲು ಕಾಗದ ನೋಡಬೇಕು. ಖಾತೆ, ಪಹಣಿ, ಭೂಪರಿವರ್ತನೆಯ ಆದೇಶ, ಋಣಭಾರ ಪತ್ರ—ಇವು ಎಲ್ಲ ಊರಿಗೂ ಸಾಮಾನ್ಯ. ನಮ್ಮ ಜಿಲ್ಲೆಗೆ ವಿಶೇಷವಾದ ತೊಡಕು ಕುಮ್ಕಿಯದು. ವರ್ಗ ಜಮೀನಿನ ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ ಪಡೆಯುವ ಸವಲತ್ತನ್ನು ಹಿಂದಿನಿಂದಲೂ ವರ್ಗದಾರನಿಗೆ ಕೊಟ್ಟಿದ್ದಾರೆ. ಅದು ಸವಲತ್ತು ಮಾತ್ರ, ಒಡೆತನವಲ್ಲ. ಆದರೆ ಮೂರು ತಲೆಮಾರು ಅನುಭವಿಸಿದವರಿಗೆ ಅದು ತಮ್ಮದೇ ಎನಿಸುತ್ತದೆ. ಅದರಲ್ಲೇ ಬಚ್ಚಲು, ಕೊಟ್ಟಿಗೆ ಏಳುತ್ತವೆ. ಮಾರುವವನು ಮೋಸಗಾರನಾಗಿರಬೇಕಿಲ್ಲ, ಅವನಿಗೇ ಗಡಿ ಗೊತ್ತಿರುವುದಿಲ್ಲ. ಆದ್ದರಿಂದ ಸರ್ವೇ ನಕ್ಷೆ ಹಿಡಿದು ಅಳೆಯಿಸದೆ ಮುಂಗಡ ಕೊಡಬಾರದು. ಹಳೆಯ ಮನೆಯಾದರೆ ಹಕ್ಕುದಾರರ ಪಟ್ಟಿಯೂ ಬೇಕು. ಅಳಿಯಸಂತಾನದ ಕುಟುಂಬಗಳಲ್ಲಿ ಎಷ್ಟು ಕವರುಗಳಿವೆ, ಮುಂಬಯಿಗೆ ಹೋದ ತಂಗಿಯ ಮಕ್ಕಳ ಒಪ್ಪಿಗೆ ಬಂದಿದೆಯೇ ಎಂಬುದು ಋಣಭಾರ ಪತ್ರದಲ್ಲಿ ಕಾಣದು.

ಇನ್ನು ಮನೆ. ನಾನು ಕೊಂಡ ಮನೆಯನ್ನು ನೋಡಿದ್ದು ಆಟಿ ತಿಂಗಳಲ್ಲಿ, ಜಡಿಮಳೆಯ ನಡುವೆ. ‘ಬಿಸಿಲು ಬಂದ ಮೇಲೆ ಬನ್ನಿ, ಸುಣ್ಣ ಹಾಕಿಸಿಡುತ್ತೇನೆ’ ಎಂದರು ಮನೆಯವರು. ಸುಣ್ಣ ಹಾಕುವ ಮೊದಲೇ ನೋಡಬೇಕಾಗಿತ್ತು! ಸುಳ್ಯದ ಮಳೆ ಯಾವ ಇಂಜಿನಿಯರನಿಗಿಂತಲೂ ನಿಷ್ಠುರ ಪರೀಕ್ಷಕ. ನೀರು ಎಲ್ಲಿಂದ ಇಳಿಯುತ್ತದೆ, ಅಂಗಳದಲ್ಲಿ ಎಲ್ಲಿ ನಿಲ್ಲುತ್ತದೆ, ಹಿಂದಿನ ಧರೆ ಜರಿಯುವಂತಿದೆಯೇ—ಎಲ್ಲವನ್ನೂ ಅದು ಒಂದು ಗಂಟೆಯಲ್ಲಿ ತೋರಿಸಿಬಿಡುತ್ತದೆ.

ಹಂಚಿನ ಮಾಡನ್ನು ಕಂಡು ಹೆದರುವವರಿದ್ದಾರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಹಂಚು ನಮ್ಮ ಮಳೆಯನ್ನು ತಡೆದಿದೆ. ಒಂದು ಹಂಚು ಒಡೆದರೆ ಆ ಒಂದನ್ನೇ ಬದಲಿಸಿದರಾಯಿತು. ಕಾಂಕ್ರೀಟು ತಾರಸಿ ಒಂದೆಡೆ ಬಿರಿದು ಇನ್ನೊಂದೆಡೆ ಸೋರುತ್ತದೆ. ನಮ್ಮೂರಿನ ಎಷ್ಟೋ ತಾರಸಿಗಳ ಮೇಲೆ ಈಗ ತಗಡಿನ ಇನ್ನೊಂದು ಮಾಡು ಎದ್ದಿರುವುದು ಸುಮ್ಮನಲ್ಲ. ಹಂಚಿನ ಮನೆಯಲ್ಲಿ ನೋಡಬೇಕಾದುದು ಪಕ್ಕಾಸು ಮತ್ತು ರೀಪು. ಚೂಪಾದ ಕಬ್ಬಿಣದಿಂದ ಚುಚ್ಚಿ, ಗೆದ್ದಲು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಗೋಡೆ ಮುರಕಲ್ಲಿನದಾದರೆ ಚಿಂತೆಯಿಲ್ಲ, ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುವ ಕಲ್ಲು ಅದು. ಮಣ್ಣಿನದಾದರೆ ಅದರ ಮೇಲೆ ಸಿಮೆಂಟು ಮೆತ್ತಿಸಬೇಡಿ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ನಾಲ್ಕು ಮಳೆಗಾಲದಲ್ಲಿ ಗಾರೆ ಹಪ್ಪಳದಂತೆ ಎದ್ದುಬರುತ್ತದೆ. ಸುಣ್ಣದ ಗಾರೆಯೇ ಸರಿ.

ಖರ್ಚಿನ ಕ್ರಮದಲ್ಲಿ ನನಗೆ ಸಂಶಯವಿಲ್ಲ: ಮೊದಲು ಮಾಡು ಮತ್ತು ಚರಂಡಿ, ಆಮೇಲೆ ವಿದ್ಯುತ್ತಿನ ತಂತಿ, ಶೌಚಾಲಯ, ಬಾವಿ. ಹೊಳೆಯುವ ನೆಲ, ಬಣ್ಣ ಎಲ್ಲ ಕೊನೆಗೆ. ಮಾಡಿನ ಕೆಲಸ ಪತ್ತನಾಜೆಯ ಒಳಗೆ ಮುಗಿಯಬೇಕು; ಆಮೇಲೆ ಮೇಸ್ತ್ರಿಯೂ ಸಿಕ್ಕುವುದಿಲ್ಲ, ಬಿಸಿಲೂ ಸಿಕ್ಕುವುದಿಲ್ಲ.

ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮನೆಗೆ 30 ಲಕ್ಷ, ದುರಸ್ತಿಗೆ 6 ಲಕ್ಷ ಎಂದಿಟ್ಟುಕೊಳ್ಳೋಣ. ಬಾಡಿಗೆ ತಿಂಗಳಿಗೆ 12,000 ರೂಪಾಯಿ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬೀಳುತ್ತದೆ, ಇನ್ನೊಂದು ತಿಂಗಳಿನದು ರಿಪೇರಿಗೂ ತೆರಿಗೆಗೂ ಹೋಗುತ್ತದೆ. ಉಳಿಯುವುದು 1,20,000. ತೊಡಗಿಸಿದ 36 ಲಕ್ಷಕ್ಕೆ ಅದು ನೂರಕ್ಕೆ ಮೂರೂಕಾಲರಷ್ಟು. ಸಾಲ ತಂದು ಮನೆ ಕೊಂಡು, ಬಾಡಿಗೆಯಿಂದಲೇ ಕಂತು ಕಟ್ಟುತ್ತೇನೆಂದು ಹೊರಟವನು ಪ್ರತಿ ತಿಂಗಳೂ ಕೈಯಿಂದ ಹಾಕಬೇಕಾಗುತ್ತದೆ. ಬೆಲೆ ಏರುತ್ತದೆಯಲ್ಲ ಎನ್ನುವಿರಿ. ಏರಬಹುದು, ಆದರೆ ಏರುವ ಬೆಲೆಯಿಂದ ಈ ತಿಂಗಳ ಕಂತು ತೀರುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಕಠಿಣವೆನಿಸಿದ್ದು ಬೇರೆ. ನನ್ನ ತಂದೆ ಗೇಣಿದಾರರಾಗಿದ್ದರು. ಅಕ್ಕಿಮುಡಿ ಹೊತ್ತು ಧಣಿಗಳ ಅಂಗಳಕ್ಕೆ ಹೋಗಿ, ಅದನ್ನು ಅಳೆದು ಮುಗಿಯುವವರೆಗೆ ಬಿಸಿಲಲ್ಲಿ ನಿಂತವರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಟ್ಟು, ಉತ್ತ ಗದ್ದೆಯನ್ನು ತಮ್ಮದಾಗಿಸಿಕೊಂಡರು. ಆ ಗದ್ದೆ ತೋಟವಾಗಿ, ಆ ತೋಟದ ಅಡಿಕೆಯ ಹಣ ಪೇಟೆಯ ಮನೆಯಾಯಿತು. ಮೊದಲ ಬಾಡಿಗೆಯವರಾಗಿ ಬಂದ ದಾದಿಯ ತಾಯಿ, ಗಡಿಯಾಚೆಯ ಕಾಸರಗೋಡಿನ ಕಡೆಯವರು, ಬಾಡಿಗೆಯ ಹಣ ಕೈಗಿಡುತ್ತ ‘ಧಣಿಗಳೇ’ ಎಂದರು. ಆ ಮಾತು ನನ್ನ ಮೈಮೇಲೆ ಕಂಬಳಿಹುಳ ಬಿದ್ದಂತಾಯಿತು. ‘ಅಣ್ಣ ಎನ್ನಿ ಸಾಕು’ ಎಂದೆ.

ಅವರಿಗೆ ಕೊಡುವ ಮೊದಲು ಹಿತೈಷಿಗಳು ಮೂರು ಪ್ರಶ್ನೆ ಕೇಳಿದ್ದರು: ಯಾವ ಜನ, ಏನು ಬೇಯಿಸುತ್ತಾರೆ, ಗಂಡಸರಿಲ್ಲವೇ? ಬಾಡಿಗೆ ಸರಿಯಾಗಿ ಕೊಡುವರೇ ಎಂದು ಒಬ್ಬರೂ ಕೇಳಲಿಲ್ಲ. ನಾನು ಕೇಳಿದ್ದು ಅದೊಂದನ್ನೇ.

ಕರಾರು ಬರೆಯಿಸಿಯೇ ಕೊಡಬೇಕು, ಸ್ನೇಹಿತರಿಗಾದರೂ. ಒಂದು ವರ್ಷ ಮೀರುವ ಭೋಗ್ಯವನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಬೇಕಾದುದರಿಂದ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಬೇರೆ ಒಪ್ಪಂದವಿಲ್ಲದ ತಿಂಗಳ ಬಾಡಿಗೆಯನ್ನು ಮುಗಿಸಲು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹದಿನೈದು ದಿನಗಳ ನೋಟೀಸು ಕೇಳುತ್ತದೆ. ಮಕ್ಕಳು ಶಾಲೆಗೆ ಹೋಗುವ ಮನೆಗೆ ಹದಿನೈದು ದಿನ ಏನೇನೂ ಸಾಲದು. ನಾನು ಎರಡು ತಿಂಗಳೆಂದು ಬರೆಯಿಸಿದೆ, ಇಬ್ಬರಿಗೂ ಅನ್ವಯಿಸುವಂತೆ. ಮಾಡು, ತಂತಿ, ನೀರು ನನ್ನ ಹೊಣೆ ಎಂದೂ, ಹೇಳದೆ ಹೊಸ್ತಿಲು ದಾಟಿ ಬರುವುದಿಲ್ಲ ಎಂದೂ ಸೇರಿಸಿದೆ. ಬರೆದುಕೊಟ್ಟ ವಕೀಲರು ನಕ್ಕರು.

ದಾದಿ ಮೂರು ವರ್ಷವಿದ್ದು ಬೇರೆ ಊರಿಗೆ ಹೋದರು. ಕೀಲಿಕೈ ಕೊಟ್ಟ ದಿನವೇ ಮುಂಗಡ ಹಿಂದಿರುಗಿಸಿದೆ. ಅಡುಗೆಮನೆಯ ಗೋಡೆ ಮಸಿ ಹಿಡಿದಿತ್ತು. ಅದನ್ನು ಕಳೆದುಕೊಳ್ಳಬೇಕಿತ್ತೆಂದು ನೆರೆಯವರು ಹೇಳಿದರು. ಮೂರು ವರ್ಷ ಅನ್ನ ಬೆಂದ ಗೋಡೆಗೆ ಮಸಿ ಹಿಡಿಯದೆ ಇರುತ್ತದೆಯೇ? ಎರಡು ದಿನದ ಕೂಲಿಯಲ್ಲಿ ಸುಣ್ಣ ಬಳಿಸಿದೆ. ಕಾಲೇಜಿನ ಉಪಾಧ್ಯಾಯರೊಬ್ಬರು ಮುಂದಿನ ವಾರ ಸಾಮಾನು ತಂದಿಳಿಸಿದರು.