ಮನೆ ಯಾರದು? ಸೊಸೆಯ ವಾಸದ ಹಕ್ಕು

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆ ಅತ್ತೆಯ ಹೆಸರಿನಲ್ಲಿದೆ. ಗಂಡ ಹೆಂಡಿರ ನಡುವೆ ವಿರಸ ಬೆಳೆದಿದೆ. ಒಂದು ಸಂಜೆ ಅತ್ತೆ ಸೊಸೆಗೆ, "ಇದು ನನ್ನ ಮನೆ, ನೀನು ತವರಿಗೆ ಹೋಗು" ಎನ್ನುತ್ತಾರೆ. ಆಕೆ ಮಗುವನ್ನು ಎತ್ತಿಕೊಂಡು ಹೊರಡಲೇಬೇಕೆ? ನಾಳೆ ಈ ಪ್ರಶ್ನೆ ನಿಮ್ಮ ಅಕ್ಕನಿಗೆ ಎದುರಾದರೆ ನೀವು ಏನು ಹೇಳುವಿರಿ?

ಬೆಂಗಳೂರಿನ ಒಂದು ಕುಟುಂಬದಲ್ಲಿ ಇಂಥದೇ ವ್ಯಾಜ್ಯ ನಡೆಯಿತು. ಗಂಡ 2002ರಲ್ಲಿ ಕೊಂಡ ಆಸ್ತಿಯನ್ನು 2006ರಲ್ಲಿ ತನ್ನ ತಂದೆಗೆ ಮಾರಿದ. ತಂದೆ ಅದನ್ನು 2010ರಲ್ಲಿ ಹೆಂಡತಿಗೆ ದಾನವಾಗಿ ಕೊಟ್ಟರು. ಬಳಿಕ ಅತ್ತೆ ಮಾವ 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಸೊಸೆಯನ್ನು ತೆರವುಗೊಳಿಸಲು ಅರ್ಜಿ ಕೊಟ್ಟರು. ಅಧಿಕಾರಿಗಳು ಒಪ್ಪಿದರು, ಹೈಕೋರ್ಟೂ ಎತ್ತಿಹಿಡಿಯಿತು. ಆದರೆ 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ರದ್ದುಪಡಿಸಿತು. ಹಿರಿಯರ ರಕ್ಷಣೆಗಾಗಿ ಇರುವ ಕಾನೂನು ಹೆಣ್ಣಿನ ವಾಸದ ಹಕ್ಕನ್ನು ಅಳಿಸಿಹಾಕುವ ಸಾಧನವಾಗಬಾರದು, ಎರಡೂ ಕಾನೂನುಗಳನ್ನು ಹೊಂದಿಸಿ ನೋಡಬೇಕು ಎಂಬುದು ತೀರ್ಪಿನ ಸಾರ.

ಈ ಹಕ್ಕು ಬಂದದ್ದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆಯಿಂದ. ಅದು ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಎಲ್ಲ ಮತದವರಿಗೂ ಅದು ಅನ್ವಯಿಸುತ್ತದೆ. ಸೊಸೆ ಸಂಸಾರ ಹೂಡಿ ಬಾಳಿದ ಮನೆಯಲ್ಲಿ ಆಕೆಗೆ ವಾಸದ ಹಕ್ಕಿದೆ. ಮನೆಯ ಪತ್ರ ಆಕೆಯ ಹೆಸರಿನಲ್ಲಿ ಇರಬೇಕಾಗಿಲ್ಲ. ಆದರೆ ಒಂದು ಮಾತು ನೆನಪಿಡಿ: ವಾಸದ ಹಕ್ಕು ಒಡೆತನವಲ್ಲ. ಅತ್ತೆಯ ಆಸ್ತಿ ಅತ್ತೆಯದೇ. ಸೊಸೆಯನ್ನು ಕಾನೂನಿನ ಕ್ರಮವಿಲ್ಲದೆ ಬೀದಿಗೆ ತಳ್ಳುವಂತಿಲ್ಲ, ಅಷ್ಟೆ. ಎಲ್ಲರೂ ಒಟ್ಟಿಗೆ ಇರಲಾಗದಿದ್ದರೆ, ಬೇರೆ ಮನೆ ಮಾಡಿಕೊಡು ಅಥವಾ ಬಾಡಿಗೆ ಕೊಡು ಎಂದು ನ್ಯಾಯಾಲಯ ಗಂಡನಿಗೆ ಹೇಳಬಹುದು.

ಸೊಸೆ ಏನು ಮಾಡಬಹುದು? ಸಂರಕ್ಷಣಾಧಿಕಾರಿಯ ಮೂಲಕವೋ ನೇರವಾಗಿಯೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಹೊಣೆ ಹೊತ್ತಿದ್ದಾರೆ. ತವರಿನಲ್ಲಿ ಆಶ್ರಯ ಪಡೆದಿದ್ದರೆ ಆ ಊರಿನಲ್ಲೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 3 ದಿನಗಳೊಳಗೆ ಮೊದಲ ವಿಚಾರಣೆ ನಡೆಯಬೇಕು. ರಕ್ಷಣೆ, ಜೀವನಾಂಶ, ಒಡವೆ ವಸ್ತುಗಳ ವಾಪಸಾತಿ, ಎಲ್ಲವನ್ನೂ ಇಲ್ಲಿ ಕೇಳಬಹುದು. ರಕ್ಷಣಾ ಆದೇಶ ಮುರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು.

ಕ್ರೌರ್ಯ ನಡೆದಿದ್ದರೆ ಪೊಲೀಸರಿಗೆ ದೂರು ಕೊಡುವ ದಾರಿ ಬೇರೆ ಇದೆ. ಹಳೆಯ ದಂಡ ಸಂಹಿತೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ವರದಕ್ಷಿಣೆಗೆ 1961ರ ಕಾಯಿದೆ ಇದೆ. ಅಪರಾಧದ ದೂರು ಶಿಕ್ಷೆಗಾಗಿ. ಮೇಲೆ ಹೇಳಿದ ಅರ್ಜಿ ಆಸರೆಗಾಗಿ. ಇಂದು ರಾತ್ರಿ ಎಲ್ಲಿ ಮಲಗುವುದು ಎಂಬ ಚಿಂತೆಯಲ್ಲಿರುವವಳಿಗೆ ಎರಡನೆಯದೇ ಮೊದಲು ಬೇಕಾಗುತ್ತದೆ.

ವಕೀಲರಿಗೆ ಹಣವಿಲ್ಲವೆ? ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, ದೂರವಾಣಿ 15100. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಕಾನೂನು ಸಂಸಾರವನ್ನು ಒಂದುಗೂಡಿಸಲಾರದು. ಆದರೆ ಮಾತುಕತೆ ನಡೆಯುವವರೆಗೆ ಒಬ್ಬಳ ತಲೆಯ ಮೇಲೆ ಸೂರು ಉಳಿಸಬಲ್ಲದು. ಇಷ್ಟು ತಿಳಿದ ಒಬ್ಬ ತಂಗಿಯೋ ತಮ್ಮನೋ ಮನೆಯಲ್ಲಿದ್ದರೆ, "ಹೋಗು" ಎಂಬ ಮಾತೇ ಕೊನೆಯ ಮಾತಾಗುವುದಿಲ್ಲ.