ಮೇಷ್ಟ್ರ ಫೋನಿನ ಕ್ಯಾಮೆರಾ ಯಾರ ಕಡೆ ತಿರುಗಬೇಕು?

ಇವತ್ತಿನ ವಿಷಯ ಶಿಕ್ಷಕರ ತರಬೇತಿ. ಮಕ್ಕಳ ಆನ್‌ಲೈನ್ ಕ್ಲಾಸ್ ಬಗ್ಗೆ ನಾವೆಲ್ಲ ಸಾಕಷ್ಟು ಮಾತಾಡಿದ್ದೀವಿ, ಸಾಕಷ್ಟು ಬೈದಿದ್ದೀವಿ. ಆದರೆ ಆ ಮಕ್ಕಳಿಗೆ ಕಲಿಸುವವರು ಆನ್‌ಲೈನ್‌ನಲ್ಲಿ ಏನು ಕಲೀತಿದ್ದಾರೆ, ಹೇಗೆ ಕಲೀತಿದ್ದಾರೆ ಅನ್ನೋ ಮಾತು ಶಾಲೆಯ ಗೇಟು ದಾಟಿ ಹೊರಗೆ ಬರೋದು ಕಡಿಮೆ.

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವಳು. ಬಿ.ಇಡಿ. ಮಾಡಿಲ್ಲ, ಒಂದು ದಿನವೂ ಪಾಠ ಮಾಡಿಲ್ಲ. ಆದರೆ ಕಾಮರ್ಸ್ ಓದಿದವರಿಗೆ ಒಂದು ಚಟ ಇರುತ್ತೆ. ಯಾವುದೇ ಲೆಕ್ಕದ ಪುಸ್ತಕ ಕೈಗೆ ಸಿಕ್ಕರೂ ಇದರಲ್ಲಿ ಏನು ಬರೆದಿದ್ದಾರೆ, ಏನು ಬರೆದಿಲ್ಲ ಅಂತ ಹುಡುಕ್ತೀವಿ. ಶಿಕ್ಷಕರ ಆನ್‌ಲೈನ್ ತರಬೇತಿಯನ್ನೂ ಇವತ್ತು ಹಾಗೇ ನೋಡೋಣ.

ಬರೆದಿರೋದು ಏನು? 2017ರ ಸೆಪ್ಟೆಂಬರ್ 5, ಶಿಕ್ಷಕರ ದಿನದಂದು, ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ ಶುರುವಾಯ್ತು. 2019ರ ಆಗಸ್ಟ್‌ನಲ್ಲಿ ನಿಷ್ಠಾ ಅನ್ನೋ ತರಬೇತಿ ಕಾರ್ಯಕ್ರಮ ಬಂತು. ಸುಮಾರು 42 ಲಕ್ಷ ಜನರನ್ನು ತಲುಪೋ ಗುರಿ. ಮೊದಲು ಅದು ಮುಖಾಮುಖಿ ತರಬೇತಿಯಾಗಿತ್ತು. ಕೋವಿಡ್ ಬಂದ ಮೇಲೆ, 2020ರ ಅಕ್ಟೋಬರ್‌ನಿಂದ, ದೀಕ್ಷಾ ಮೂಲಕ ಆನ್‌ಲೈನ್ ಆಯ್ತು. ಅದೇ 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಅಂತ ಹೇಳ್ತು.

ಇದರಲ್ಲಿ ಲಾಭ ಇಲ್ಲ ಅನ್ನೋಕೆ ಆಗಲ್ಲ. ಹಳೇ ಕಾಲದ ತರಬೇತಿ ಅಂದ್ರೆ ಬಸ್ ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಏಕೋಪಾಧ್ಯಾಯ ಶಾಲೆ ಆದ್ರೆ ಅಷ್ಟು ದಿನ ಪಾಠ ನಿಂತೇ ಹೋಗ್ತಿತ್ತು. ಈಗ ಮನೆಯಲ್ಲೇ, ಕನ್ನಡದಲ್ಲೇ, ಅರ್ಥ ಆಗದಿದ್ರೆ ಎರಡು ಸಲ ನೋಡಬಹುದು. ಇದು ಸಣ್ಣ ಅನುಕೂಲ ಅಲ್ಲ.

ಈಗ ಬರೆಯದೇ ಇರೋದರ ಬಗ್ಗೆ.

ನನ್ನ ದೊಡ್ಡಮ್ಮನ ಮಗಳು ಸರ್ಕಾರಿ ಪ್ರಾಥಮಿಕ ಶಾಲೆ ಟೀಚರ್. ಊರು ಬೇಡ, ಕೋರ್ಸಿನ ಹೆಸರೂ ಬೇಡ. ಒಂದು ಸಂಜೆ ಅವರ ಮನೆಗೆ ಹೋದಾಗ ಫೋನ್ ಡಬ್ಬಕ್ಕೆ ಒರಗಿ ನಿಂತಿತ್ತು, ತರಬೇತಿ ವಿಡಿಯೋ ಓಡ್ತಿತ್ತು, ಅಕ್ಕ ಚಪಾತಿ ಲಟ್ಟಿಸ್ತಿದ್ದರು. "ಇದು ಮುಗಿದ್ರೆ ಕ್ವಿಜ್, ಕ್ವಿಜ್ ಆದ್ರೆ ಸರ್ಟಿಫಿಕೇಟ್, ನಾಳೆ ಬೆಳಗ್ಗೆ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಬೇಕು" ಅಂದ್ರು.

ಇದನ್ನು ಕೇಳಿ ಟೀಚರ್‌ಗಳು ಸೋಮಾರಿಗಳು ಅಂತ ತೀರ್ಮಾನ ಮಾಡೋರು ಸ್ವಲ್ಪ ತಡೀರಿ. ಅವತ್ತೇ ರಾತ್ರಿ ಊಟ ಆದ ಮೇಲೆ ಅಕ್ಕ ಪಕ್ಕದೂರಿನ ಒಬ್ಬ ಟೀಚರ್ ಜೊತೆ ಅರ್ಧ ಗಂಟೆ ಫೋನಲ್ಲಿ ಮಾತಾಡಿದ್ರು. ವಿಷಯ ಏನು ಗೊತ್ತಾ? ವ್ಯವಕಲನ. 52ರಲ್ಲಿ 27 ಕಳೆಯಿರಿ ಅಂದ್ರೆ ಅವರ ತರಗತಿಯ ಎಷ್ಟೋ ಮಕ್ಕಳು 35 ಅಂತ ಬರೀತಿದ್ರು. ಎರಡರಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲೇ ಎರಡು ಕಳೆದು ಐದು ಬರೆಯೋದು. ಆ ಕಡೆಯ ಟೀಚರ್ ಹೇಳಿದ್ದು ಇಷ್ಟು: "ದಶಕ ಸಾಲ ತಗೋ ಅನ್ನೋ ಮಾತನ್ನ ಒಂದು ವಾರ ಬಿಟ್ಟುಬಿಡು. ಹತ್ತು ಹತ್ತು ಕಡ್ಡಿ ಕಟ್ಟು ಕಟ್ಟಿ ಕೊಡು. 52 ಅಂದ್ರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಕಡ್ಡಿ ಕೊಡು ಅಂತ ಕೇಳು. ಕಟ್ಟು ಬಿಚ್ಚಬೇಕು ಅಂತ ಅವರಿಗೇ ಹೊಳೆಯೋ ತನಕ ಸುಮ್ಮನಿರು."

ಆ ಅರ್ಧ ಗಂಟೆ ಯಾವ 50 ಗಂಟೆಯ ಲೆಕ್ಕಕ್ಕೂ ಬರಲ್ಲ. ಅದಕ್ಕೆ ಸರ್ಟಿಫಿಕೇಟ್ ಇಲ್ಲ, ಸ್ಕ್ರೀನ್‌ಶಾಟ್ ಇಲ್ಲ. ಆದರೆ ಮರುದಿನದ ತರಗತಿಯನ್ನು ಬದಲಾಯಿಸಬಹುದಾಗಿದ್ದ ತರಬೇತಿ ಅದೇ.

ಪರದೆಯ ಮೇಲಿನ ತರಬೇತಿ ಹೊಸದೇನಲ್ಲ ಅನ್ನೋದನ್ನೂ ಇಲ್ಲಿ ಹೇಳಬೇಕು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಮ್ಮ ದೇಶದಲ್ಲಿ ಸೈಟ್ ಅನ್ನೋ ಉಪಗ್ರಹ ಟಿವಿ ಪ್ರಯೋಗ ನಡೀತು. ಅಮೆರಿಕದ ನಾಸಾದ ಉಪಗ್ರಹ, ನಮ್ಮ ಇಸ್ರೋದ ಕೆಲಸ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕವೂ ಅದರಲ್ಲಿತ್ತು, ನಮ್ಮ ಕಡೆ ವಿಜಯಪುರ, ಕಲಬುರಗಿ, ರಾಯಚೂರು ಭಾಗದ ಹಳ್ಳಿಗಳು. ಆ ಪ್ರಯೋಗದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ 12 ದಿನಗಳ ವಿಜ್ಞಾನ ತರಬೇತಿಯೂ ಇತ್ತು. ಮೊದಲ ಸುತ್ತಿನಲ್ಲೇ ಸುಮಾರು 24,000 ಶಿಕ್ಷಕರು!

ಆ ತರಬೇತಿಯಲ್ಲಿ ಟಿವಿ ಒಂದು ಭಾಗ ಮಾತ್ರ ಆಗಿತ್ತು. ಜೊತೆಗೆ ರೇಡಿಯೋ ಪಾಠ, ಅಚ್ಚಾದ ಪುಸ್ತಕ, ಕೈಯಾರೆ ಮಾಡುವ ಚಟುವಟಿಕೆ, ಗುಂಪು ಚರ್ಚೆ, ಅದನ್ನು ನಡೆಸೋಕೆ ಸ್ಥಳದಲ್ಲೇ ಒಬ್ಬ ಮಾರ್ಗದರ್ಶಿ ಶಿಕ್ಷಕ. ಇಷ್ಟೂ ಸೇರಿ ಒಂದು ತರಬೇತಿ. ಪರದೆ ಹೇಳಿದ್ದನ್ನು ಮನುಷ್ಯರು ಕೂತು ಮಾತಾಡಬೇಕು ಅನ್ನೋದು ಸುಮಾರು ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ನಾವು ಪರದೆಯನ್ನು ಜೇಬಿಗೆ ತಂದುಕೊಂಡ್ವಿ, ಸುತ್ತ ಕೂತಿದ್ದ ಜನರನ್ನು ಅಲ್ಲೇ ಬಿಟ್ಟು ಬಂದ್ವಿ.

ನಮ್ಮದೇ ಇನ್ನೊಂದು ಉದಾಹರಣೆ ನಲಿ-ಕಲಿ. ಇವತ್ತು ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ನಡೆಯೋ ಪದ್ಧತಿ. ಅದು ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಯುನಿಸೆಫ್ ಸಹಾಯದಿಂದ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಪಾಠ ಹೇಗೆ ನಡೀತಿದೆ ಅಂತ ಕಣ್ಣಾರೆ ನೋಡಿದ್ರು. ವಾಪಸ್ ಬಂದು ನಮ್ಮ ಮಕ್ಕಳಿಗೆ ಹೊಂದೋ ಕಲಿಕಾ ಕಾರ್ಡುಗಳನ್ನು ತಾವೇ ತಯಾರಿಸಿದ್ರು. ಒಬ್ಬ ಟೀಚರ್ ಇನ್ನೊಬ್ಬ ಟೀಚರ್‌ನ ತರಗತಿ ನೋಡಿದ್ದರಿಂದ ಹುಟ್ಟಿದ ಬದಲಾವಣೆ ಅದು.

ಈಗ ನನ್ನ ಪ್ರಶ್ನೆ. ಆಗ ಇನ್ನೊಂದು ತರಗತಿ ನೋಡೋಕೆ ರಾಜ್ಯ ದಾಟಿ ಹೋಗಬೇಕಿತ್ತು. ಇವತ್ತು ಬಹುತೇಕ ಟೀಚರ್‌ಗಳ ಜೇಬಿನಲ್ಲಿ ಕ್ಯಾಮೆರಾ ಇದೆ. ಆ ಫೋನನ್ನು ನಾವು ಯಾವುದಕ್ಕೆ ಬಳಸ್ತಿದ್ದೀವಿ? ಅವರಿಗೆ ವಿಡಿಯೋ ತೋರಿಸೋಕೆ, ಹಾಜರಾತಿ ಹಾಕಿಸೋಕೆ, ಫೋಟೋ ಕಳಿಸಿ ಅನ್ನೋಕೆ. ಅವರ ಪಾಠವನ್ನು ಅವರೇ ನೋಡಿಕೊಳ್ಳೋಕೆ ಮಾತ್ರ ಬಳಸ್ತಿಲ್ಲ.

ಬಿ.ಇಡಿ. ಮಾಡಿದವರಿಗೆ ಸೂಕ್ಷ್ಮ ಬೋಧನೆ, ಅಂದ್ರೆ ಮೈಕ್ರೋ ಟೀಚಿಂಗ್, ನೆನಪಿರುತ್ತೆ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ರೂಪಿಸಿದ್ದು. ಚಿಕ್ಕ ಪಾಠ ಮಾಡೋದು, ಅದನ್ನು ವಿಡಿಯೋ ಟೇಪಿನಲ್ಲಿ ನೋಡೋದು, ತಿದ್ದಿಕೊಂಡು ಮತ್ತೆ ಮಾಡೋದು. ಭಾರತದಲ್ಲಿ ರೂಢಿಗೆ ಬಂದ ಮಾದರಿ 36 ನಿಮಿಷದ್ದು: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಆಗ ವಿಡಿಯೋ ಯಂತ್ರ ದುಬಾರಿ, ಹಾಗಾಗಿ ನಮ್ಮಲ್ಲಿ ಅದು ಸಹಪಾಠಿಗಳು ನೋಡಿ ಹೇಳೋ ಅಭ್ಯಾಸವಾಗಿ ಬೆಳೀತು. ಈಗ ಯಂತ್ರ ಜೇಬಿಗೆ ಬಂದಿದೆ. ಆದರೆ ಕೆಲಸ ಸಿಕ್ಕಿದ ದಿನವೇ ಆ ಅಭ್ಯಾಸಕ್ಕೆ ಬೀಗ ಬೀಳುತ್ತೆ.

ಹಾಗಾದ್ರೆ ಮಾಡೋದು ಏನು? ನನ್ನ ಪ್ರಕಾರ ಬಹಳ ಸರಳ. ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆಗಳು ಹೇಗೂ ಇವೆ. ಒಂದು ಸಭೆಗೆ ಒಬ್ಬರು ಟೀಚರ್, ತಾವೇ ಇಷ್ಟಪಟ್ಟು, ತಮ್ಮ ತರಗತಿಯ ಆರು ನಿಮಿಷ ರೆಕಾರ್ಡ್ ಮಾಡಿ ತರಲಿ. ಚೆಂದದ ಆರು ನಿಮಿಷ ಬೇಡ, ತೊಡಕಾದ ಆರು ನಿಮಿಷ. ಕಟ್ಟು ಬಿಚ್ಚೋ ಹೊತ್ತು, ಒತ್ತಕ್ಷರ ತಪ್ಪೋ ಹೊತ್ತು. ಎಲ್ಲರೂ ಒಟ್ಟಿಗೆ ನೋಡಲಿ. ಕೇಳೋ ಪ್ರಶ್ನೆ ಎರಡೇ: ಮಗು ಇಲ್ಲಿ ಏನು ಯೋಚಿಸ್ತಿದೆ? ನೀವಾಗಿದ್ರೆ ಮುಂದೆ ಏನು ಕೇಳ್ತಿದ್ರಿ? ಇದಕ್ಕೆ ಆ್ಯಪ್ ಬೇಡ, ನೆಟ್‌ವರ್ಕೂ ಬೇಡ. ಬೇಕಾದ್ರೆ ಆಮೇಲೆ ಅದೇ ವಿಷಯದ ದೀಕ್ಷಾ ವಿಡಿಯೋ ನೋಡಲಿ. ಆಗ ಆ ವಿಡಿಯೋ ಒಂದು ನಿಜವಾದ ಪ್ರಶ್ನೆಗೆ ಉತ್ತರ ಆಗುತ್ತೆ.

ಇದಕ್ಕೆ ಎರಡು ಷರತ್ತು ಬೇಕೇ ಬೇಕು. ಒಂದು, ಮಕ್ಕಳ ಮುಖ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ ಮೊದಲು ಪೋಷಕರಿಗೆ ಹೇಳಿ ಒಪ್ಪಿಗೆ ತಗೊಳ್ಳಿ. ಫೋನನ್ನು ಹಿಂದಿನ ಬೆಂಚಿನಲ್ಲಿಡಿ, ಟೀಚರ್ ಮತ್ತು ಕರಿಹಲಗೆ ಕಾಣಲಿ, ಮಕ್ಕಳ ಬೆನ್ನು ಕಂಡರೆ ಸಾಕು. ವಿಡಿಯೋ ಯಾವ ಗ್ರೂಪಿಗೂ ಹೋಗಬಾರದು, ಸಭೆ ಮುಗಿದ ಮೇಲೆ ಅಳಿಸಿಬಿಡಿ.

ಎರಡನೆಯದು ಇನ್ನೂ ಮುಖ್ಯ. ಆ ಆರು ನಿಮಿಷ ಅಧಿಕಾರಿಗಳ ಕೈಗೆ ಹೋಗಬಾರದು. ಹೋದ ದಿನ ಅದು ತಪಾಸಣೆ ಆಗುತ್ತೆ. ತಪಾಸಣೆ ಆದ ಮೇಲೆ ಯಾವ ಟೀಚರೂ ತೊಡಕಾದ ಪಾಠ ತರಲ್ಲ, ರಿಹರ್ಸಲ್ ಮಾಡಿಸಿದ ಪಾಠ ತರ್ತಾರೆ. ಕಂಪನಿ ಲೆಕ್ಕದಲ್ಲೂ ಹೀಗೇ. ಅಂಕಿಗೆ ಬಹುಮಾನ ಕಟ್ಟಿದ್ರೆ ಅಂಕಿ ಬರುತ್ತೆ, ಕೆಲಸ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ತರಬೇತಿಗೆ ತೆತ್ತ ಹಣ ನಮ್ಮ ತೆರಿಗೆಯದ್ದು. ಆದರೆ ನನಗೆ ಅದಕ್ಕಿಂತ ದೊಡ್ಡ ಲೆಕ್ಕ ಅಂದ್ರೆ 35 ಅಂತ ಬರೆದು, ಕೆಂಪು ಗೆರೆ ತಿಂದು, ಲೆಕ್ಕ ನನಗಲ್ಲ ಅಂದುಕೊಂಡು ಸುಮ್ಮನಾಗೋ ಮಗು. ಆ ಮಗು ಯಾವ ಡ್ಯಾಶ್‌ಬೋರ್ಡಿನಲ್ಲೂ ಕಾಣಲ್ಲ. ಅದನ್ನು ನೋಡಬಲ್ಲವರು ಅದರ ಟೀಚರ್ ಮಾತ್ರ. ಆ ನೋಟಕ್ಕೆ ಸಹಾಯ ಮಾಡಿದ್ರೆ ಅದು ತಂತ್ರಜ್ಞಾನ. ಇಲ್ಲದಿದ್ರೆ ಟೀಚರ್‌ಗಳಿಗೆ ಇನ್ನೊಂದು ಕ್ಲರ್ಕ್ ಕೆಲಸ ಅಷ್ಟೇ.

ಕೇಳ್ತಿರೋರಲ್ಲಿ ಟೀಚರ್‌ಗಳು ಇದ್ರೆ, ಮುಂದಿನ ಸಭೆಯಲ್ಲಿ ಒಂದು ಸಲ ಪ್ರಯತ್ನಿಸಿ. ಏನಾಯ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಮಕ್ಕಳ ಹೆಸರು, ಶಾಲೆಯ ಹೆಸರು ಬೇಡ. ಸರಿ ಹೋಗಲಿಲ್ಲ ಅಂದ್ರೂ ಕಳಿಸಿ, ಅದನ್ನೂ ಇಲ್ಲೇ ಕೇಳಿಸ್ತೀನಿ.